ಚಿನ್ನ, ಬೆಳ್ಳಿಯ ನ್ಯಾನೋಕಣಗಳ ಅರೇಖೀಯ ದ್ಯುತಿಗುಣವನ್ನು ನಾನು ಅಳೆಯುವ ಬಗೆ

ಬೆಳಕಿನ ತೀವ್ರತೆ ಏರಿದಂತೆ ಚಿನ್ನ ಮತ್ತು ಬೆಳ್ಳಿಯ ನ್ಯಾನೋಕಣಗಳಿರುವ ದ್ರಾವಣದ ಹೀರಿಕೆಯೂ ವಕ್ರೀಭವನಾಂಕವೂ ಬದಲಾಗುತ್ತವೆ. ಈ ಅರೇಖೀಯ ಗುಣವನ್ನು ನಾನು ಝಡ್-ಸ್ಕ್ಯಾನ್ ವಿಧಾನದಿಂದ ಅಳೆಯುತ್ತೇನೆ. ಮನ್ಸೂರ್ ಶೇಖ್-ಬಹಾಯಿ ಮತ್ತು ಅವರ ಸಂಗಡಿಗರು 1989-90ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ಮಸೂರದಿಂದ ಕೇಂದ್ರೀಕರಿಸಿದ ಲೇಸರ್ ಕಿರಣದ ನಾಭಿಯ ಮೂಲಕ ದ್ರಾವಣ ತುಂಬಿದ ಕ್ಯುವೆಟ್ಟನ್ನು (ಚಪ್ಪಟೆ ಗೋಡೆಗಳ ಪಾರದರ್ಶಕ ಪುಟ್ಟ ಪಾತ್ರೆಯನ್ನು) ನಿಧಾನವಾಗಿ ಸಾಗಿಸುತ್ತ, ಆಚೆ ಬದಿಯ ಡಿಟೆಕ್ಟರಿಗೆ ತಲುಪುವ ಬೆಳಕನ್ನು ದಾಖಲಿಸಲಾಗುತ್ತದೆ. ಬೆಳಕನ್ನೆಲ್ಲ ಸಂಗ್ರಹಿಸಿದರೆ ಹೀರಿಕೆಯ ಬದಲಾವಣೆ ತಿಳಿಯುತ್ತದೆ. ಡಿಟೆಕ್ಟರಿನ ಮುಂದೆ ಸಣ್ಣ ರಂಧ್ರವನ್ನಿಟ್ಟು ಪಡೆದ ದತ್ತಾಂಶವನ್ನು ಮೊದಲಿನದರಿಂದ ಭಾಗಿಸಿದರೆ ವಕ್ರೀಭವನದ ಬದಲಾವಣೆ ಉಳಿಯುತ್ತದೆ. ಇಷ್ಟನ್ನು ಮಾಡುವುದು ಕಷ್ಟವಲ್ಲ. ದೊರೆತ ವಕ್ರರೇಖೆಯಲ್ಲಿ ಲೋಹದ ಎಲೆಕ್ಟ್ರಾನುಗಳ ಪಾಲೆಷ್ಟು, ಕಾದ ನೀರಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದರಲ್ಲೇ ನಿಜವಾದ ಕೆಲಸವಿದೆ.

ಕಣಗಳನ್ನು ನಾನೇ ತಯಾರಿಸಿಕೊಳ್ಳುತ್ತೇನೆ. ಚಿನ್ನಕ್ಕೆ ರಸಾಯನವಿಜ್ಞಾನಿ ಟರ್ಕೆವಿಚ್ 1951ರಲ್ಲಿ ವಿವರಿಸಿದ ಸಿಟ್ರೇಟ್ ವಿಧಾನವೇ ಸಾಕು: ಕುದಿಯುತ್ತಿರುವ ಕ್ಲೋರೋಆರಿಕ್ ಆಮ್ಲದ ತೆಳು ದ್ರಾವಣಕ್ಕೆ ಸೋಡಿಯಂ ಸಿಟ್ರೇಟನ್ನು ಒಮ್ಮೆಗೇ ಸುರಿದರೆ, ಹಳದಿ ಮಾಸಿ, ಕ್ಷಣಕಾಲ ಬಣ್ಣವೇ ಇಲ್ಲದಂತಾಗಿ, ಬಳಿಕ ಬೂದು ಮತ್ತು ನೇರಳೆಯನ್ನು ದಾಟಿ ದ್ರಾವಣ ಮಾಣಿಕ್ಯದ ಕೆಂಪಿಗೆ ಬಂದು ನಿಲ್ಲುತ್ತದೆ. ಸಿಟ್ರೇಟ್ ಕಡಿಮೆ ಮಾಡಿದರೆ ಕಣಗಳು ದೊಡ್ಡದಾಗುತ್ತವೆ. ಬೆಳ್ಳಿಗೆ ಇದಕ್ಕೆ ವಿರುದ್ಧವಾದ ಶಿಸ್ತು ಬೇಕು. ಮಂಜುಗಡ್ಡೆಯಲ್ಲಿ ತಣಿಸಿದ ಸೋಡಿಯಂ ಬೋರೋಹೈಡ್ರೈಡ್ ದ್ರಾವಣಕ್ಕೆ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡಬೇಕು. ತಿಳಿಹಳದಿ ಬಣ್ಣ ನೆಲೆಗೊಂಡು ಹನಿ ಮುಗಿದ ಕೂಡಲೇ ಕಲಕುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಜಿನ ಪಾತ್ರೆಯಲ್ಲಿ ಕ್ಲೋರೈಡ್‌ನ ಲವಲೇಶ ಉಳಿದಿದ್ದರೂ ಸಿಲ್ವರ್ ಕ್ಲೋರೈಡ್ ಮಬ್ಬಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ರಾಜಾಮ್ಲದಲ್ಲಿ (ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ) ತೊಳೆದ, ಚಿನ್ನದ ದ್ರಾವಣಕ್ಕೆ ಬಳಸುವ ಪಾತ್ರೆಗಳನ್ನು ಬೆಳ್ಳಿಗೆ ಬಳಸದೆ ಬೇರೆಯಾಗಿಯೇ ಇಡುತ್ತೇನೆ.

ನನ್ನ ಲೇಸರ್ 532 ನ್ಯಾನೋಮೀಟರ್ ತರಂಗಾಂತರದ, ಸೆಕೆಂಡಿಗೆ 10 ಸ್ಪಂದಗಳನ್ನು ಕೊಡುವ, ಪ್ರತಿ ಸ್ಪಂದವೂ ಸುಮಾರು 7 ನ್ಯಾನೋಸೆಕೆಂಡ್ ಉದ್ದವಿರುವ ಎನ್‌ಡಿ-ಯಾಗ್ (ನಿಯೋಡಿಮಿಯಂ ಬೆರೆತ ಹರಳಿನ ಲೇಸರ್). ಈ ತರಂಗಾಂತರ ಎರಡು ಲೋಹಗಳಿಗೂ ಒಂದೇ ಅರ್ಥದ್ದಲ್ಲ. ನೀರಿನಲ್ಲಿರುವ ಸಣ್ಣ ಗೋಳಾಕಾರದ ಚಿನ್ನದ ಕಣಗಳ ಪ್ಲಾಸ್ಮಾನ್ ಅನುರಣನೆ, ಅಂದರೆ ಲೋಹದ ಎಲೆಕ್ಟ್ರಾನುಗಳು ಬೆಳಕಿನೊಂದಿಗೆ ಒಟ್ಟಾಗಿ ತೂಗಾಡಿ ಅದನ್ನು ಅತಿ ಹೆಚ್ಚು ಹೀರುವ ತರಂಗಾಂತರ, 520 ನ್ಯಾನೋಮೀಟರಿನ ಆಸುಪಾಸಿನಲ್ಲಿದ್ದು ಲೇಸರ್ ನೇರವಾಗಿ ಅದರ ಮೇಲೆಯೇ ಬೀಳುತ್ತದೆ. ಬೆಳ್ಳಿಯ ಅನುರಣನೆಯಾದರೋ 400ರ ಸಮೀಪದಲ್ಲಿದ್ದು, 532ರಲ್ಲಿ ಅದರ ಬಾಲ ಮಾತ್ರ ಸಿಗುತ್ತದೆ. ಅದರ ಪರಿಣಾಮ ರೇಖೆಯಲ್ಲೇ ಕಾಣುತ್ತದೆ. ಕಡಿಮೆ ಶಕ್ತಿಯಲ್ಲಿ ನನ್ನ ಚಿನ್ನದ ಮಾದರಿ ನಾಭಿಯ ಬಳಿ ಹೆಚ್ಚು ಪಾರದರ್ಶಕವಾಗಿ, ರೇಖೆಗೆ ಒಂದು ಶಿಖರವನ್ನು ಕೊಡುತ್ತದೆ: ಬಿಸಿಯಾದ ಎಲೆಕ್ಟ್ರಾನುಗಳಿಂದ ಪ್ಲಾಸ್ಮಾನ್ ಪಟ್ಟಿ ಅಗಲವಾಗಿ, ಅದರ ನೆತ್ತಿಯ ಹೀರಿಕೆ ತಗ್ಗುವುದೇ ಇದಕ್ಕೆ ಕಾರಣ. ಶಕ್ತಿಯನ್ನು ಏರಿಸುತ್ತ ಹೋದಂತೆ ಆ ಶಿಖರದ ನೆತ್ತಿಯಲ್ಲೇ ಒಂದು ತಗ್ಗು ಮೂಡಿ ಆಳವಾಗುತ್ತದೆ. ಬೆಳ್ಳಿಯ ಮಾದರಿ ಕಡಿಮೆ ಶಕ್ತಿಯಲ್ಲಿ ಬಹುಮಟ್ಟಿಗೆ ಸಪಾಟಾಗಿದ್ದು, ಮುಂದೆ ತಗ್ಗನ್ನಷ್ಟೇ ತೋರಿಸುತ್ತದೆ. ಹೀಗಿರುವಾಗ ಒಂದೇ ತರಂಗಾಂತರದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಚಿನ್ನ ಮೇಲೋ ಬೆಳ್ಳಿ ಮೇಲೋ ಎಂದು ತೀರ್ಪು ಕೊಡುವುದು ಸರಿಯಲ್ಲವೆಂದೇ ನನ್ನ ದೃಢ ಅಭಿಪ್ರಾಯ.

ಆ ತಗ್ಗನ್ನೂ ಕೂಡಲೇ ಎರಡು ಫೋಟಾನ್‌ಗಳ (ಬೆಳಕಿನ ಎರಡು ಕಣಗಳ) ಏಕಕಾಲದ ಹೀರಿಕೆಯೆಂದು ಬರೆದುಕೊಳ್ಳುವಂತಿಲ್ಲ. ನ್ಯಾನೋಸೆಕೆಂಡ್ ಸ್ಪಂದದಿಂದ ಕಾದ ಕಣದ ಸುತ್ತಲಿನ ನೀರು ಆವಿಯಾಗಿ ಸೂಕ್ಷ್ಮ ಗುಳ್ಳೆ ಹುಟ್ಟಿದರೆ, ಬೆಳಕು ಹೀರಲ್ಪಡದೆ ಚದುರುತ್ತದೆ. ಡಿಟೆಕ್ಟರಿಗೆ ಇವೆರಡೂ ಒಂದೇ ರೀತಿಯ ನಷ್ಟ. ಅದಕ್ಕಾಗಿ ಕಿರಣದ ದಾರಿಯಿಂದ ಓರೆಯಾಗಿ ಇನ್ನೊಂದು ಡಿಟೆಕ್ಟರನ್ನಿಟ್ಟು ಚದುರಿದ ಬೆಳಕನ್ನೂ ಜೊತೆಜೊತೆಗೇ ದಾಖಲಿಸುತ್ತೇನೆ. ಚದುರಿಕೆ ಶಕ್ತಿಗೆ ಅನುಪಾತದಲ್ಲಿ ಏರುವುದನ್ನು ಬಿಟ್ಟು ಒಮ್ಮೆಲೇ ಮೇಲೆದ್ದ ಬಿಂದುವಿನಿಂದ ಆಚೆಗಿನ ದತ್ತಾಂಶವನ್ನು ಹೀರಿಕೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ವಕ್ರೀಭವನದಲ್ಲಿ ಉಷ್ಣದ ಪ್ರಭಾವ ಇನ್ನೂ ಹೆಚ್ಚು. ನೀರಿನ ತಾಪ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ವಕ್ರೀಭವನಾಂಕ ಸುಮಾರು 0.0001ರಷ್ಟು ಇಳಿಯುತ್ತದೆ. ಅಲ್ಪವೆನಿಸುವ ಈ ಇಳಿಕೆ 1 ಮಿಲಿಮೀಟರ್ ದಪ್ಪದ ಕ್ಯುವೆಟ್ಟಿನಲ್ಲಿ 532 ನ್ಯಾನೋಮೀಟರಿನ ಬೆಳಕಿಗೆ ಒಂದು ರೇಡಿಯನ್‌ಗಿಂತ ಹೆಚ್ಚಿನ ಹಂತ ವ್ಯತ್ಯಾಸವನ್ನು ತರುತ್ತದೆ. ಎಲೆಕ್ಟ್ರಾನುಗಳ ಕೊಡುಗೆಯೆಂದು ನಾವು ಹುಡುಕುವುದು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಚಿಕ್ಕದು. ನನ್ನ ಕಿರಣದ ನಾಭಿಯ ತ್ರಿಜ್ಯ ಸುಮಾರು 25 ಮೈಕ್ರೋಮೀಟರ್. ಅಷ್ಟು ಜಾಗದ ನೀರಿನಿಂದ ಉಷ್ಣ ಹರಡಿಹೋಗಲು ಸುಮಾರು ಒಂದು ಮಿಲಿಸೆಕೆಂಡ್ ಸಾಕಾದ್ದರಿಂದ, ಸ್ಪಂದಗಳ ನಡುವೆ 100 ಮಿಲಿಸೆಕೆಂಡ್ ಬಿಡುವಿರುವ ನನ್ನ ಲೇಸರಿನಲ್ಲಿ ಉಷ್ಣ ಒಂದರ ಮೇಲೊಂದು ಕೂಡುವುದಿಲ್ಲ. ಒಂದೇ ಸ್ಪಂದದ ಒಳಗಿನ ಉಷ್ಣವನ್ನು ಮಾತ್ರ ಪೂರ್ತಿ ತಪ್ಪಿಸಲಾಗದು: ಕಾದ ನೀರು ಹಿಗ್ಗಲು ಶಬ್ದವು ಆ 25 ಮೈಕ್ರೋಮೀಟರನ್ನು ದಾಟುವಷ್ಟು ಸಮಯ, ಅಂದರೆ ಸುಮಾರು 17 ನ್ಯಾನೋಸೆಕೆಂಡ್ ಬೇಕು, 7 ನ್ಯಾನೋಸೆಕೆಂಡಿನ ಸ್ಪಂದದ ಕೊನೆಯ ಭಾಗಕ್ಕೆ ಅದರ ಆರಂಭ ತಾಗಿಯೇ ತಾಗುತ್ತದೆ. ಫೆಮ್ಟೋಸೆಕೆಂಡ್ ಸ್ಪಂದಗಳಿದ್ದರೆ ಸಮಸ್ಯೆ ನೀಗಿತೆಂದು ಭಾವಿಸುವವರಿದ್ದಾರೆ. ಆದರೆ ಸೆಕೆಂಡಿಗೆ 8 ಕೋಟಿ ಸ್ಪಂದಗಳು ಬರುವ ಲೇಸರಿನಲ್ಲಿ ಎರಡರ ನಡುವೆ ಇರುವುದು 12.5 ನ್ಯಾನೋಸೆಕೆಂಡ್ ಮಾತ್ರ, ಅಲ್ಲಿ ಉಷ್ಣ ಶೇಖರವಾಗುತ್ತಲೇ ಹೋಗುತ್ತದೆ.

ರಂಧ್ರವಿಟ್ಟು ಪಡೆದ ರೇಖೆಯ ಆಕಾರವೂ ಸುಳಿವು ಕೊಡುತ್ತದೆ. ಶುದ್ಧ ಮೂರನೇ ಕ್ರಮದ ಪರಿಣಾಮದಲ್ಲಿ (ವಕ್ರೀಭವನಾಂಕ ತೀವ್ರತೆಗೆ ನೇರ ಅನುಪಾತದಲ್ಲಿ ಬದಲಾಗುವಾಗ) ಶಿಖರಕ್ಕೂ ಕಣಿವೆಗೂ ನಡುವಿನ ದೂರ ರೇಲಿ ದೂರದ (ನಾಭಿಯಿಂದ ಕಿರಣದ ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿಯಾಗುವವರೆಗಿನ ದೂರದ) ಸುಮಾರು 1.7 ಪಟ್ಟು, ನನ್ನ ಜೋಡಣೆಯಲ್ಲಿ ಹೆಚ್ಚುಕಡಿಮೆ 6 ಮಿಲಿಮೀಟರ್. ಅಂತರ ಅದಕ್ಕಿಂತ ಸ್ಪಷ್ಟವಾಗಿ ಅಗಲವಾಗಿದ್ದರೆ ಉಷ್ಣ ಮಸೂರದ (ಕಾದ ನೀರೇ ಮಸೂರದಂತೆ ವರ್ತಿಸುವುದರ) ಸಂಶಯ ಬಲವಾಗುತ್ತದೆ.

ಪ್ರತಿ ಅಳತೆಯ ಹಿಂದೆಮುಂದೆ ಮಾದರಿಯ ಹೀರಿಕೆ ವರ್ಣಪಟಲವನ್ನು ತೆಗೆಯುತ್ತೇನೆ, ಏಕೆಂದರೆ ತೀವ್ರ ಸ್ಪಂದಗಳು ಕಣಗಳನ್ನು ಕರಗಿಸಿ ಅವುಗಳ ರೂಪವನ್ನೇ ಬದಲಿಸಬಲ್ಲವು, ಒಡೆಯಲೂಬಲ್ಲವು. ಪಟಲ ಬದಲಾಗಿದ್ದರೆ ಅಂಕಿ ಯಾವ ಕಣದ್ದೆಂದು ಹೇಳಲು ಬಾರದ ಕಾರಣ ಆ ಓಟವನ್ನು ಬಿಟ್ಟುಬಿಡುತ್ತೇನೆ. ಉಳಿದ ಓಟಗಳಲ್ಲಿ, ಅದೇ ಕ್ಯುವೆಟ್ಟಿನಲ್ಲಿ ಸಿಟ್ರೇಟ್ ಬೆರೆತ ಬರೀ ನೀರಿನಿಂದ ಪಡೆದ ಸಂಕೇತವನ್ನು ಕಳೆದ ಮೇಲೆ, ಅರೇಖೀಯ ಗುಣಾಂಕವನ್ನು ಅದೇ ತರಂಗಾಂತರದ ರೇಖೀಯ ಹೀರಿಕೆಯಿಂದ ಭಾಗಿಸಿ, ಸ್ಪಂದದ ಉದ್ದ, ಆವರ್ತನ ಮತ್ತು ನಾಭಿಯ ತ್ರಿಜ್ಯಗಳ ಜೊತೆಗೇ ದಾಖಲಿಸುತ್ತೇನೆ.