ಜರ್ಮನಿಯಲ್ಲಿ ಓದಲು ಬರುವವರು ಆರೋಗ್ಯ ವಿಮೆಗೆ ಸಹಿ ಹಾಕುವ ಮುನ್ನ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಮುಗಿಸಿ ಜರ್ಮನಿಗೆ ಬರುವವರಿಗೆ ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ, ಖರ್ಚಿನ ಹಣವನ್ನು ಮೊದಲೇ ತುಂಬಿಡುವ ಬ್ಲಾಕ್ಡ್ ಅಕೌಂಟು, ವೀಸಾಗಳ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ವಿಮಾನ ಇಳಿದ ಮೇಲೆ ನಾವು ಮಾಡಿದ ಎಡವಟ್ಟುಗಳನ್ನೇ ಪ್ರತಿ ಅಕ್ಟೋಬರಿನಲ್ಲಿ ಹೊಸಬರೂ ಮಾಡುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಮನೆ ಸೇರಿದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಇದಕ್ಕೆ ಬಾಡಿಗೆ ಕರಾರು ಸಾಲದು, ಮಾಲೀಕರು ಸಹಿ ಮಾಡಿದ ಪ್ರತ್ಯೇಕ ದೃಢೀಕರಣ ಪತ್ರ ಬೇಕು. ಕುವೆಂಪುನಗರದಲ್ಲಿ ಮುಂಗಡ ಕೊಟ್ಟು ಬಾಯಿಮಾತಿನ ಮೇಲೆ ಮನೆ ಹಿಡಿಯುವಂತೆ ಇಲ್ಲಿ ಹಿಡಿಯಬೇಡಿ. ಆ ಪತ್ರ ಕೊಡುವುದಿಲ್ಲ ಎನ್ನುವವರ ಮನೆ ಎಷ್ಟೇ ಅಗ್ಗವಾದರೂ ಬೇಡ. ನೋಂದಣಿಯ ಬೆನ್ನಿಗೇ ಸಾರ್ವಜನಿಕ ರೇಡಿಯೋ-ಟಿವಿ ಪ್ರಸಾರದ ಶುಲ್ಕದ ಪತ್ರ ಬರುತ್ತದೆ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಜೊತೆಯಲ್ಲಿರುವ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆಯ ಸಂಖ್ಯೆಯನ್ನು ತಿಳಿಸಿ ಉತ್ತರ ಬರೆಯಿರಿ, ಸುಮ್ಮನಿದ್ದರೆ ಬಾಕಿ ನಿಮ್ಮ ಹೆಸರಿನಲ್ಲೇ ಬೆಳೆಯುತ್ತದೆ.

ಇವೆರಡೂ ತಿದ್ದಿಕೊಳ್ಳಬಹುದಾದ ತಪ್ಪುಗಳು. ಆರೋಗ್ಯ ವಿಮೆಯದು ಹಾಗಲ್ಲ.

30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಮೆ ಕಾನೂನಿನ ಪ್ರಕಾರವೇ ಅನ್ವಯಿಸುತ್ತದೆ. ತಿಂಗಳಿಗೆ 140ರಿಂದ 150 ಯೂರೋ ಆಸುಪಾಸು. ಅದರ ಕಾಲು ಭಾಗದಷ್ಟು ಹಣಕ್ಕೆ ಸಿಗುವ ಖಾಸಗಿ ಪಾಲಿಸಿಯನ್ನು ಏಜೆಂಟರು ಮೈಸೂರಿನಲ್ಲೇ ತೋರಿಸಿರುತ್ತಾರೆ. ದಾಖಲಾತಿಗೆ ಮುಂಚಿನ ಕೆಲವು ವಾರಗಳ ಮಟ್ಟಿಗೆ ಅಂಥ ಪಾಲಿಸಿ ಸರಿಯೇ. ಅದನ್ನೇ ಓದು ಮುಗಿಯುವವರೆಗೆ ಮುಂದುವರಿಸಲು ಹೊರಟಾಗ ತೊಡಕು ಶುರುವಾಗುತ್ತದೆ. ವಿಶ್ವವಿದ್ಯಾಲಯವು ನಿಮ್ಮ ವಿಮೆಯ ಸ್ಥಿತಿಯನ್ನು ತಿಳಿಸುವ ಎಂ10 ಎಂಬ ವಿದ್ಯುನ್ಮಾನ ಸಂದೇಶ ಕೇಳುತ್ತದೆ, ಮತ್ತು ಅದನ್ನು ಕಳಿಸುವ ಅಧಿಕಾರ ಸಾರ್ವಜನಿಕ ವಿಮಾ ಸಂಸ್ಥೆಗಳಿಗೆ ಮಾತ್ರ ಇದೆ. ಖಾಸಗಿ ಪಾಲಿಸಿ ಮಾಡಿಸಿದ ವಿದ್ಯಾರ್ಥಿಗಳು ಅಂಥ ಸಂಸ್ಥೆಗೇ ಹೋಗಿ, ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬೇಕೆಂದು ಅರ್ಜಿ ಕೊಡಬೇಕಾಗುತ್ತದೆ. ಹುಡುಗರು ಅದನ್ನು ದಾಖಲಾತಿಯ ಹತ್ತು ಕಾಗದಗಳ ಜೊತೆಗೆ ಹನ್ನೊಂದನೆಯದೆಂದುಕೊಂಡು ಸಹಿ ಹಾಕುತ್ತಾರೆ. ಒಮ್ಮೆ ಮಂಜೂರಾದ ವಿನಾಯಿತಿಯನ್ನು ಓದು ಮುಗಿಯುವ ತನಕ ಹಿಂದಕ್ಕೆ ಪಡೆಯಲಾಗದು.

ಮಂಡ್ಯ ಕಡೆಯ ಹುಡುಗನೊಬ್ಬ ಹೀಗೆಯೇ ತಿಂಗಳಿಗೆ ನೂರು ಯೂರೋ ಉಳಿಸಿದೆನೆಂದು ಖುಷಿಯಲ್ಲಿದ್ದ. ಚಳಿಗಾಲದಲ್ಲಿ ಚಿಕ್ಕಂದಿನ ಉಬ್ಬಸ ಮರುಕಳಿಸಿತು. ಹಳೆಯ ಕಾಯಿಲೆಗೆ ಪಾಲಿಸಿ ಅನ್ವಯಿಸುವುದಿಲ್ಲವೆಂದು ಕಂಪನಿ ಕೈತೊಳೆದುಕೊಂಡಿತು. ವಾಸದ ಪರವಾನಗಿ ನವೀಕರಿಸಲು ಹೋದರೆ ಈ ವಿಮೆ ಸಾಲದೆಂದು ಕಚೇರಿಯವರು ತಿರುಗಿಸಿ ಕಳಿಸಿದರು. ಕೊನೆಗೆ ಸಾರ್ವಜನಿಕ ವಿಮೆಗಿಂತ ದುಬಾರಿಯಾದ ಖಾಸಗಿ ಪಾಲಿಸಿಯನ್ನೇ ಕೊಳ್ಳಬೇಕಾಯಿತು. "ದುಡ್ ಕಟ್ತೀವಿ ಅಂದ್ರೂ ಸೇರುಸ್ಕೊಳಲ್ವಂತಾ?" ಎಂದು ಊರಿನಿಂದ ಅವರಪ್ಪ ಫೋನಿನಲ್ಲಿ ಕೇಳುತ್ತಲೇ ಇದ್ದರು. ಸೇರಿಸಿಕೊಳ್ಳುವುದಿಲ್ಲ. ಪದವಿ ಮುಗಿದು ಕೆಲಸ ಹುಡುಕುವ ತಿಂಗಳುಗಳಲ್ಲೂ ಇದೇ ಕಥೆ: ಮೊದಲಿನಿಂದ ಸಾರ್ವಜನಿಕ ವಿಮೆಯಲ್ಲಿದ್ದವರು ಅದರಲ್ಲೇ ಮುಂದುವರಿಯಬಹುದು, ವಿನಾಯಿತಿ ಪಡೆದವರು ಸಾಮಾನ್ಯವಾಗಿ ನೌಕರಿ ಸಿಗುವವರೆಗೆ ಹೊರಗೇ ಇರಬೇಕು.

ಕಟ್ಟಿದ ಹಣಕ್ಕೆ ತಕ್ಕುದು ಸಿಗುತ್ತದೆಯೇ ಎಂದು ಮನೆಯವರು ಕೇಳುವುದು ಸಹಜ. ಜ್ವರ, ಕೆಮ್ಮು, ಚರ್ಮದ ತುರಿಕೆಗಾದರೆ ಮೈಸೂರೇ ಮೇಲು: ಸರಸ್ವತಿಪುರಂನ ಯಾವುದಾದರೂ ಕ್ಲಿನಿಕ್ಕಿನಲ್ಲಿ ಸಂಜೆ ಟೋಕನ್ ಪಡೆದರೆ ರಾತ್ರಿ ಊಟದ ಹೊತ್ತಿಗೆ ಮಾತ್ರೆಯೊಂದಿಗೆ ಮನೆಯಲ್ಲಿರುತ್ತೀರಿ, ಇಲ್ಲಿ ತಜ್ಞ ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕು. ಆದರೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಂಥದ್ದು ಎದುರಾದರೆ ಸಾರ್ವಜನಿಕ ವಿಮೆ ಇರುವ ರೋಗಿ ಆಸ್ಪತ್ರೆಗೆ ಕೈಯಿಂದ ಕೊಡಬೇಕಾದ್ದು ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನ. ನಮ್ಮಲ್ಲಿ ಖಾಸಗಿ ಆಸ್ಪತ್ರೆಗೆ ಮುಂಗಡ ಕಟ್ಟಲು ಒಡವೆ ಅಡವಿಟ್ಟವರನ್ನು ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲವು ವರ್ಷ ದುಡಿದು, 30 ತುಂಬಿದ ಮೇಲೆ ಓದಲು ಬರುವವರಿಗೆ ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರವೇ ಸಿಗುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಖಾಸಗಿ ವಿಮೆಯೊಂದೇ ದಾರಿ. ಅಂಥವರು ಪ್ರವೇಶಪತ್ರ ಕೈಸೇರಿದಾಗಲೇ ತಮ್ಮ ವಿಶ್ವವಿದ್ಯಾಲಯದ ಊರಿನ ವಿದ್ಯಾರ್ಥಿ ಸೇವಾ ಸಂಸ್ಥೆಯ ಸಲಹೆಗಾರರಿಗೆ ಬರೆದು, ಹಳೆಯ ಕಾಯಿಲೆಗಳೂ ಸೇರುವಂಥ ಪಾಲಿಸಿ ಯಾವುದೆಂದು ಕೇಳಿ, ಅದರ ಹಣವನ್ನು ಖರ್ಚಿನ ಪಟ್ಟಿಗೆ ಸೇರಿಸಿಕೊಂಡೇ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಬೇಕು.