ರೊಸೇಶಿಯಾಗೆ ಬರೆದುಕೊಟ್ಟ ಕ್ರೀಮ್: ನಾನು ಹಚ್ಚುವ ರೀತಿ

ನನ್ನ ಕೆನ್ನೆ, ಮೂಗು ಕೆಂಪಾಗಲು ಶುರುವಾದಾಗ ಮೊಡವೆ ಅಂದುಕೊಂಡೆ. ಅದು ರೊಸೇಶಿಯಾ, ಅಂದರೆ ಮುಖ ಕೆಂಪಾಗಿ, ಉರಿದು, ಗುಳ್ಳೆ ಏಳುವ ಚರ್ಮದ ಕಾಯಿಲೆ. ಮನೆಯಲ್ಲಿ ಯಾರದೋ ಇಸುಬಿಗೆ ತಂದ ಟ್ಯೂಬ್ ಇತ್ತು. ಅದನ್ನೇ ಹಚ್ಚಿದೆ. ನಾಲ್ಕೇ ದಿನಕ್ಕೆ ಮುಖ ತಿಳಿಯಾಯಿತು. ಎರಡು ತಿಂಗಳು ಹಚ್ಚಿ ಬಿಟ್ಟ ಮೇಲೆ, ಮೊದಲು ಇಲ್ಲದ ಕಡೆಯೂ ಕೀವು ತುಂಬಿದ ಸಣ್ಣ ಗುಳ್ಳೆ ಎದ್ದವು. ಮುಖ ಒಲೆ ಮುಂದೆ ಕೂತ ಹಾಗೆ ಉರಿಯುತ್ತಿತ್ತು. ಅದು ಸ್ಟೆರಾಯ್ಡ್ ಕ್ರೀಮ್ ಅಂತ ಚರ್ಮದ ಡಾಕ್ಟರ್ ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು.

ಅದಕ್ಕೇ ಮೊದಲ ಮಾತು ಇದು. ಟ್ಯೂಬ್ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೆರಾಯ್ಡ್. ರೊಸೇಶಿಯಾ ಇರುವ ಮುಖಕ್ಕೆ ನೀವಾಗಿ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಒಮ್ಮೆಲೇ ಬಿಟ್ಟಾಗ ಮುಖ ಕೆರಳುವುದುಂಟು. ಹೇಗೆ ಬಿಡಬೇಕು ಅನ್ನುವುದನ್ನು ಅವರೇ ಹೇಳಲಿ.

ರೊಸೇಶಿಯಾಗೆ ಬರೆಯುವ ಕ್ರೀಮ್‌ಗಳೆಲ್ಲ ಒಂದೇ ಥರ ಕೆಲಸ ಮಾಡುವುದಿಲ್ಲ. ಮೆಟ್ರೊನಿಡಜೋಲ್, ಅಜೆಲಾಯಿಕ್ ಆಸಿಡ್, ಐವರ್‌ಮೆಕ್ಟಿನ್ ಇವು ಮುಖ್ಯವಾಗಿ ಗುಳ್ಳೆ ಮತ್ತು ಉರಿಯೂತಕ್ಕೆ. ಬ್ರಿಮೊನಿಡಿನ್ ಜೆಲ್ ಬೇರೆ. ಅದು ರಕ್ತನಾಳಗಳನ್ನು ಕುಗ್ಗಿಸಿ ಕೆಂಪನ್ನು ಕೆಲವು ಗಂಟೆಗಳ ಮಟ್ಟಿಗೆ ಇಳಿಸುತ್ತದೆ, ಅಷ್ಟೇ. ಕೆಲವರಿಗೆ ಅದರ ಪರಿಣಾಮ ಮುಗಿದಾಗ ಕೆಂಪು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬರುವುದೂ ಉಂಟು. ನಿಮ್ಮದು ಯಾವುದು, ದಿನಕ್ಕೆ ಎಷ್ಟು ಸಲ ಅಂತ ಚೀಟಿ ನೋಡಿ. ನನಗೆ ಬರೆದದ್ದು ಐವರ್‌ಮೆಕ್ಟಿನ್ 1%, ದಿನಕ್ಕೆ ಒಂದೇ ಸಲ. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಮೊದಲೇ ಹೇಳಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹೇಳಿ, ಅದರಲ್ಲೂ ಮೆಟ್ರೊನಿಡಜೋಲ್ ಬರೆದಿದ್ದರೆ.

ಇನ್ನು ಹಚ್ಚುವುದು. ನಾನು ರಾತ್ರಿ ಹಚ್ಚುತ್ತೇನೆ. ಉಗುರುಬೆಚ್ಚಗಿನ ನೀರು, ವಾಸನೆ ಇಲ್ಲದ ಮೆದು ಕ್ಲೆನ್ಸರ್, ಬೆರಳ ತುದಿ. ಸ್ಕ್ರಬ್ ಇಲ್ಲ, ಒರಟು ಬಟ್ಟೆ ಇಲ್ಲ. ಟವೆಲ್‌ನಿಂದ ಉಜ್ಜದೆ ಒತ್ತಿ ಒತ್ತಿ ನೀರು ತೆಗೆಯುತ್ತೇನೆ. ಆಮೇಲೆ ಸುಮಾರು ಇಪ್ಪತ್ತು ನಿಮಿಷ ಸುಮ್ನೆ ಬಿಡುತ್ತೇನೆ. ಒದ್ದೆ ಚರ್ಮದ ಮೇಲೆ ಹಚ್ಚಿದ ದಿನ ನನಗೆ ಚುರುಗುಟ್ಟುವುದು ಜಾಸ್ತಿ.

ನಂತರ ಬಟಾಣಿ ಕಾಳಿನಷ್ಟು ಕ್ರೀಮ್ ಹಣೆಗೆ, ಅಷ್ಟೇ ಮೂಗಿಗೆ, ಅಷ್ಟೇ ಗದ್ದಕ್ಕೆ, ಒಂದೊಂದು ಕೆನ್ನೆಗೂ ಅಷ್ಟಷ್ಟೇ. ಐದು ಕಾಳು ಸೇರಿ ದಿನಕ್ಕೆ ಹೆಚ್ಚೆಂದರೆ 1 ಗ್ರಾಂ. ಅಂದರೆ 30 ಗ್ರಾಂ ಟ್ಯೂಬ್ ಹತ್ತು ದಿನಕ್ಕೇ ಖಾಲಿಯಾದರೆ ನೀವು ಬಳಿದುಕೊಳ್ಳುತ್ತಿದ್ದೀರಿ ಅಂತಲೇ ಅರ್ಥ. ಮೊದಲು ಚುಕ್ಕೆಗಳಾಗಿ ಇಟ್ಟು, ಆಮೇಲೆ ತೆಳುವಾಗಿ ಹರಡಿ. ಬಿಳಿ ಪದರ ಉಳಿಯಬಾರದು. ಗುಳ್ಳೆ ಇರುವ ಜಾಗಕ್ಕೆ ಮಾತ್ರ ಮೆತ್ತುವುದು ಬೇಡ, ಡಾಕ್ಟರ್ ತೋರಿಸಿದ ಭಾಗಕ್ಕೆಲ್ಲ ಹರಡಿ. ಕಣ್ಣು, ರೆಪ್ಪೆ, ತುಟಿ, ಮೂಗಿನ ಒಳಗೆ ತಾಗಿಸಬೇಡಿ. ಕೈ ತೊಳೆದುಕೊಳ್ಳಿ. ಕ್ರೀಮ್ ಒಣಗಿದ ಮೇಲೆ ಮಾಯಿಶ್ಚರೈಸರ್ ಹಚ್ಚಬಹುದು, ಮೇಕಪ್ಪೂ ಅಷ್ಟೇ. ಒಂದು ದಿನ ಮರೆತರೆ ಮರುದಿನ ಎರಡರಷ್ಟು ಹಚ್ಚಬೇಡಿ.

ಮೊದಲ ವಾರ ನನಗೆ ಸ್ವಲ್ಪ ಉರಿಯಿತು, ಚರ್ಮ ಒಣಗಿತು, ಎರಡು ಹೊಸ ಗುಳ್ಳೆಯೂ ಬಂದವು. ಗಾಬರಿಯಾಗಿ ನಿಲ್ಲಿಸಲು ಹೊರಟಿದ್ದೆ. ಡಾಕ್ಟರಿಗೆ ಫೋನ್ ಮಾಡಿದೆ. ಶುರುವಿನಲ್ಲಿ ಇಷ್ಟು ಆಗುವುದುಂಟು, ಮುಂದುವರಿಸಿ ಅಂದರು. ಆದರೆ ಮುಖ ಊದಿದರೆ, ನೀರುಗುಳ್ಳೆ ಎದ್ದರೆ, ತಡೆಯಲಾಗದಷ್ಟು ಉರಿದರೆ ಅದು ಬೇರೆ ಮಾತು. ಆಗ ತೊಳೆದು, ನಿಲ್ಲಿಸಿ, ತಕ್ಷಣ ತೋರಿಸಿ.

ಇಲ್ಲಿಂದ ಮುಂದೆ ಬೇಕಾಗುವುದು ತಾಳ್ಮೆ. ವ್ಯತ್ಯಾಸ ಕಣ್ಣಿಗೆ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು, ಕ್ರೀಮಿನ ಪೂರ್ತಿ ಪರಿಣಾಮ ಕಾಣಲು ಎರಡು ಮೂರು ತಿಂಗಳಾಗಬಹುದು. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾನು ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕಿಟಕಿ ಪಕ್ಕ ನಿಂತು ಒಂದು ಫೋಟೋ ತೆಗೆಯುತ್ತಿದ್ದೆ. ಐದನೇ ಫೋಟೋದಲ್ಲಿ ಎಡಗೆನ್ನೆಯ ಗುಳ್ಳೆಗಳು ಎಣಿಸುವಷ್ಟೇ ಉಳಿದಿದ್ದವು. ಕಂದು ಮೈಬಣ್ಣದವರಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಅಂಥವರು ಉರಿ ಎಷ್ಟಿತ್ತು, ಮುಖ ಎಷ್ಟು ಸಲ ಬಿಸಿಯಾಯಿತು ಅಂತ ಎರಡು ಸಾಲು ಬರೆದಿಟ್ಟರೆ ಹೆಚ್ಚು ಉಪಯೋಗ. ಮೂರು ತಿಂಗಳಾದರೂ ಏನೂ ಬದಲಾಗದಿದ್ದರೆ ಅದನ್ನೇ ಹಚ್ಚುತ್ತಾ ಕೂರಬೇಡಿ, ವಾಪಸ್ ಹೋಗಿ ತೋರಿಸಿ.

ಬೆಳಿಗ್ಗೆ ಸನ್‌ಸ್ಕ್ರೀನ್ ಬಿಟ್ಟರೆ ರಾತ್ರಿಯ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಬಿಸಿಲು ಈ ಮುಖಕ್ಕೆ ದೊಡ್ಡ ಶತ್ರು. ಎಸ್‌ಪಿಎಫ್ 30 ಅಥವಾ ಹೆಚ್ಚಿನದು ಬೇಕು. ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವಂಥದ್ದು ಸೂಕ್ಷ್ಮ ಚರ್ಮಕ್ಕೆ ಕಡಿಮೆ ಉರಿಸುತ್ತದೆ. ಬಿಸಿ ಪಾನೀಯ, ಮದ್ಯ, ಖಾರ, ಬಿಸಿನೀರಿನ ಸ್ನಾನ, ಮಾನಸಿಕ ಒತ್ತಡ, ಇವುಗಳಲ್ಲಿ ನಿಮ್ಮನ್ನು ಕೆರಳಿಸುವುದು ಯಾವುದೋ ನೀವೇ ಗುರುತಿಸಬೇಕು. ಎಲ್ಲರಿಗೂ ಎಲ್ಲವೂ ಅಲ್ಲ. ನನಗೆ ಬಿಸಿನೀರಿನ ಸ್ನಾನವೇ ಕಾರಣ. ಅದನ್ನು ಬಿಟ್ಟ ಮೇಲೆ ಎಷ್ಟು ಹಾಯಾಯಿತು!

ಮುಖ ತಿಳಿಯಾದ ದಿನವೇ ಟ್ಯೂಬ್ ಮುಚ್ಚಿಡಬೇಡಿ. ರೊಸೇಶಿಯಾ ಬೇರುಸಹಿತ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಡುವ ಕಾಯಿಲೆ. ಎಷ್ಟು ದಿನ ಹಚ್ಚಬೇಕು, ಯಾವಾಗ ಕಡಿಮೆ ಮಾಡಬೇಕು ಅಂತ ಕೇಳಿ ತಿಳಿದುಕೊಳ್ಳಿ. ನಿಮ್ಮ ಟ್ಯೂಬನ್ನು ಇನ್ನೊಬ್ಬರಿಗೆ ಕೊಡಲೂ ಬೇಡಿ. ನನ್ನ ಕಥೆ ಶುರುವಾಗಿದ್ದು ಹಾಗೇ ಅಲ್ವಾ?

ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ರೊಸೇಶಿಯಾ ಕಣ್ಣಿಗೂ ಬರುತ್ತದೆ. ಕಣ್ಣು ಕೆಂಪಾಗಿ, ಮರಳು ಬಿದ್ದಂತೆ ಚುಚ್ಚಿ, ರೆಪ್ಪೆಯ ಅಂಚು ಊದಿದರೆ ಮುಖದ ಕ್ರೀಮ್ ಅಲ್ಲಿಗೆ ಹಚ್ಚಬೇಡಿ. ಬೇಗ ಕಣ್ಣಿನ ಡಾಕ್ಟರಿಗೆ ತೋರಿಸಿ. ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಷ್ಟು ನೋವಾದರೆ ಅದೇ ದಿನ ಹೋಗಿ.