ಒಂದೂವರೆ ಸಾಲಿನ ಅರ್ಜಿ

ಓದು, ನಾಯಕತ್ವ, ಸಮಾಜಸೇವೆ ಮೂರರಲ್ಲೂ ಮುಂದಿರುವ ವಿದ್ಯಾರ್ಥಿನಿಯರಿಗೆ ವರ್ಷಕ್ಕೊಮ್ಮೆ ಕೊಡುವ ಪುರಸ್ಕಾರವೊಂದರ ಆಯ್ಕೆ ಸಮಿತಿಯಲ್ಲಿ ನಾನು ಒಂಬತ್ತು ವರ್ಷಗಳಿಂದ ಇದ್ದೇನೆ. ಎರಡನೆಯ ವರ್ಷದ ಸಮಾರಂಭ ಮುಗಿದ ಮೇಲೆ ಕಡತಗಳನ್ನು ಕಟ್ಟಿಡುತ್ತಿದ್ದಾಗ ಒಂದು ಅರ್ಜಿ ಮತ್ತೆ ಕಣ್ಣಿಗೆ ಬಿತ್ತು. ಶಾಲೆ ಬಿಟ್ಟಿದ್ದ ಹನ್ನೊಂದು ಮಕ್ಕಳನ್ನು ಒಬ್ಬೊಬ್ಬರಾಗಿ ತರಗತಿಗೆ ಮರಳಿ ಕರೆತಂದ ಹುಡುಗಿ ಅವಳು. ಅಷ್ಟು ದೊಡ್ಡ ಕೆಲಸವನ್ನು ಒಂದೂವರೆ ಸಾಲಿನಲ್ಲಿ ಬರೆದು ಮುಗಿಸಿದ್ದಳು. ಸೇವೆಗೆ ಹತ್ತಕ್ಕೆ ಎಂಟು ಎಂದು ನಾನೇ ಬರೆದ ಅಂಕ ಅಂಚಿನಲ್ಲಿತ್ತು. ಆದರೂ ಅವಳು ಅಂತಿಮ ಪಟ್ಟಿಗೆ ಬಂದಿರಲಿಲ್ಲ.

ಏಕೆ ಬರಲಿಲ್ಲ ಎಂದು ಆ ರಾತ್ರಿ ಎಲ್ಲ ಅಂಕಗಳನ್ನೂ ಎದುರಿಗೆ ಹರಡಿಕೊಂಡು ಕುಳಿತೆ. ಕಾರಣ ಸರಳವಾಗಿತ್ತು. ಮೂರು ವಿಭಾಗಗಳಿಗೂ ಹತ್ತು ಹತ್ತು ಅಂಕ ಇಟ್ಟು ಕೂಡುತ್ತಿದ್ದೆವು, ಮೂರಕ್ಕೂ ಸಮಾನ ತೂಕ ಇದೆ ಎಂದು ನಂಬಿದ್ದೆವು. ಪರೀಕ್ಷೆಯ ಅಂಕಗಳು ಶೇಕಡಾ 62ರಿಂದ 97ರವರೆಗೆ ಹರಡಿದ್ದವು, ಅಂದರೆ ಹತ್ತರ ಲೆಕ್ಕದಲ್ಲಿ ಮೂರೂವರೆ ಅಂಕಗಳ ಅಂತರ. ಸೇವೆಗೆ ಮಾತ್ರ ಎಲ್ಲರೂ ಎಲ್ಲರಿಗೂ ಏಳೋ ಎಂಟೋ ಕೊಟ್ಟಿದ್ದರು. ಯಾರ ಸೇವೆಯನ್ನು ಕಡಿಮೆ ಎನ್ನುವುದು ಎಂಬ ಸಂಕೋಚ ನಮಗೆಲ್ಲ ಇತ್ತು. ಹೀಗೆ ಕೂಡಿದಾಗ ಅಂತರ ಹೆಚ್ಚಿರುವ ವಿಭಾಗವೇ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಎರಡು ವರ್ಷ ನಾವು ಕೊಟ್ಟದ್ದು ಅಂಕಪಟ್ಟಿಗೆ ಬಹುಮಾನ. ಆಯ್ಕೆಯಾದವರು ಅರ್ಹರೇ ಆಗಿದ್ದರು, ಆದರೆ ನಾವು ಹೇಳಿಕೊಂಡ ಕಾರಣಕ್ಕೆ ಅವರು ಆಯ್ಕೆಯಾಗಿರಲಿಲ್ಲ.

ಮೂರನೆಯ ವರ್ಷದಿಂದ ಅಂಕಪಟ್ಟಿಯನ್ನು ಬೇರೆ ಲಕೋಟೆಯಲ್ಲಿ ಮುಚ್ಚಿಟ್ಟೆವು. ಸೇವೆ ಮತ್ತು ನಾಯಕತ್ವದ ಭಾಗಗಳನ್ನು ಮೊದಲು ಓದುತ್ತೇವೆ, ಅಂಕ ಕೊಡದೆ ಒಂದರಿಂದ ಕೊನೆಯವರೆಗೆ ಸಾಲಾಗಿ ನಿಲ್ಲಿಸುತ್ತೇವೆ. ಹೆಸರು, ಕಾಲೇಜು ಯಾವುದೂ ಓದುವವರಿಗೆ ಗೊತ್ತಿರುವುದಿಲ್ಲ. ಒಬ್ಬರು ಮೇಲಿನಿಂದ ಓದಿದರೆ ಇನ್ನೊಬ್ಬರು ಕೆಳಗಿನಿಂದ ಓದುತ್ತಾರೆ. ಮೂವತ್ತನೆಯ ಅರ್ಜಿಯ ಹೊತ್ತಿಗೆ ಯಾರ ಕಣ್ಣಾದರೂ ದಣಿಯುತ್ತದೆ, ಆ ದಣಿವಿನ ಬೆಲೆಯನ್ನು ಒಂದೇ ಹುಡುಗಿ ತೆರಬಾರದು.

ನಾಯಕತ್ವದ ಪ್ರಶ್ನೆ ಇನ್ನಷ್ಟು ಕಾಡಿತು. ಹಳೆಯ ಅರ್ಜಿಯಲ್ಲಿ "ನೀವು ವಹಿಸಿದ ಸ್ಥಾನಗಳು" ಎಂದಿತ್ತು. ಅಧ್ಯಕ್ಷೆ, ಕಾರ್ಯದರ್ಶಿ, ತಂಡದ ನಾಯಕಿ ಎಂದು ಬರೆಯಲು ಇದ್ದವರು ಬರೆಯುತ್ತಿದ್ದರು, ಇಲ್ಲದವರು ಖಾಲಿ ಬಿಡುತ್ತಿದ್ದರು. ಅದನ್ನು ತೆಗೆದು "ನೀವು ಒಂದು ತಿಂಗಳು ಇಲ್ಲದೇ ಹೋದರೆ ಯಾವ ಕೆಲಸ ನಿಲ್ಲುತ್ತದೆ?" ಎಂದು ಕೇಳಿದೆವು. ಆ ವರ್ಷ ಬಂದ ಉತ್ತರಗಳನ್ನು ಓದುತ್ತಾ ನನಗೆ ಗಂಟಲು ಕಟ್ಟಿತು. ಒಬ್ಬಳು ದೃಷ್ಟಿಯಿಲ್ಲದ ಸಹಪಾಠಿಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದಳು. ತನ್ನೊಬ್ಬಳಿಂದ ಆಗದು ಎನಿಸಿದಾಗ ಇನ್ನೂ ಆರು ಮಂದಿಯನ್ನು ಸೇರಿಸಿ ಸರದಿ ಹಾಕಿದ್ದಳು, ತಪ್ಪಿಸಿದವರ ಪಾಳಿಯನ್ನು ತಾನೇ ತುಂಬುತ್ತಿದ್ದಳು. ಇದಕ್ಕೆ ನಾಯಕತ್ವ ಎಂಬ ಹೆಸರಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸೇವೆಯ ಗಂಟೆಗಳನ್ನು ಎಣಿಸುವುದನ್ನೂ ಬಿಟ್ಟೆವು. ಬಿಡುವು ಇದ್ದವರ ಗಂಟೆಗಳು ತಾವಾಗಿಯೇ ಹೆಚ್ಚುತ್ತವೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಗೆ ಆ ಗಂಟೆಗಳು ಎಲ್ಲಿಂದ ಬರಬೇಕು? ಮನೆಯವರ ಆರೈಕೆಯೂ ಸಮಾಜಸೇವೆಯೇ ಎಂದು ಸಮಿತಿಯಲ್ಲಿ ಕೆಲವರು ವಾದಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದನ್ನು ಸೇವೆ ಎಂದು ಹೊಗಳಿಬಿಟ್ಟರೆ ಆ ಹೊರೆ ಹೆಣ್ಣುಮಕ್ಕಳ ಪಾಲಿಗೆ ಸಹಜ ಎಂದು ನಾವೂ ಮುದ್ರೆ ಒತ್ತಿದಂತಾಗುತ್ತದೆ. ಆದ್ದರಿಂದ "ಮನೆಯ ಹೊಣೆ" ಎಂದು ಬೇರೆಯೇ ಒಂದು ಅಂಕಣ ಇಟ್ಟೆವು. ಅದಕ್ಕೆ ಯಾವ ಸ್ಥಾನವೂ ಸಿಗುವುದಿಲ್ಲ, ಉಳಿದದ್ದನ್ನು ಅಳೆಯುವಾಗ ಅದು ನಮ್ಮ ಕಣ್ಣೆದುರು ಇರುತ್ತದೆ, ಅಷ್ಟೇ.

ಶಿಫಾರಸು ಪತ್ರಗಳ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು 2003ರ ಒಂದು ಅಧ್ಯಯನ. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಸಂಶೋಧಕಿಯರು ಅಮೆರಿಕದ ವೈದ್ಯಕೀಯ ಕಾಲೇಜೊಂದರ ಬೋಧಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಓದಿದ್ದರು. ಮಹಿಳೆಯರ ಪರವಾಗಿ ಬಂದ ಪತ್ರಗಳು ಸರಾಸರಿಯಲ್ಲಿ ಚಿಕ್ಕವಿದ್ದವು, ಅನುಮಾನ ಹುಟ್ಟಿಸುವ ಮಾತುಗಳು ಅವುಗಳಲ್ಲಿ ಹೆಚ್ಚಿದ್ದವು. ನಮ್ಮ ಕಡತಗಳನ್ನು ತೆರೆದು ನೋಡಿದೆ. ವಿಧೇಯಳು, ಶ್ರಮಜೀವಿ, ಮೃದುಭಾಷಿ. ಅವಳು ಏನು ಮಾಡಿದಳು ಎಂಬುದು ಪತ್ರದಲ್ಲಿ ಎಲ್ಲೂ ಇರಲಿಲ್ಲ. ಈಗ ಅಧ್ಯಾಪಕರಿಗೆ ನಾವು ಕೇಳುವುದು ಒಂದೇ: ನೀವು ಕಣ್ಣಾರೆ ಕಂಡ ಒಂದು ಘಟನೆಯನ್ನು ಬರೆಯಿರಿ, ಗುಣವಾಚಕಗಳು ಬೇಡ.

ಹುಡುಗಿಯರೂ ತಮ್ಮನ್ನು "ನಾವು" ಎಂಬ ಮಾತಿನ ಹಿಂದೆ ಮರೆಮಾಡಿಕೊಳ್ಳುತ್ತಾರೆ. ಸಂದರ್ಶನದಲ್ಲಿ "ಅದರಲ್ಲಿ ನಿಮ್ಮ ಕೈ ಎಲ್ಲಿತ್ತು?" ಎಂದು ಎರಡು ಮೂರು ಬಾರಿ ಕೇಳಬೇಕಾಗುತ್ತದೆ. ಹೊಸದಾಗಿ ಸಮಿತಿಗೆ ಬಂದವರಿಗೆ ನಾನು ಜೋಸೆಲಿನ್ ಬೆಲ್ ಬರ್ನೆಲ್ ಅವರ ಕಥೆ ಹೇಳುತ್ತೇನೆ. 1967ರಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಅವರು ದೂರದರ್ಶಕದ ಉದ್ದನೆಯ ಕಾಗದದ ಸುರುಳಿಗಳಲ್ಲಿ, ಲಯಬದ್ಧವಾಗಿ ರೇಡಿಯೋ ಮಿಡಿತಗಳನ್ನು ಕಳುಹಿಸುವ ನಕ್ಷತ್ರವಾದ ಪಲ್ಸಾರ್‌ನ ಗುರುತನ್ನು ಮೊದಲು ಕಂಡರು. 1974ರ ನೊಬೆಲ್ ಅವರ ಮಾರ್ಗದರ್ಶಕರಿಗೂ ಇನ್ನೊಬ್ಬ ವಿಜ್ಞಾನಿಗೂ ಹೋಯಿತು. 2018ರಲ್ಲಿ 30 ಲಕ್ಷ ಡಾಲರ್‌ಗಳ ಪ್ರಶಸ್ತಿ ಬಂದಾಗ ಅವರು ಅಷ್ಟನ್ನೂ ಭೌತವಿಜ್ಞಾನದಲ್ಲಿ ಅವಕಾಶ ಸಿಗದ ಹಿನ್ನೆಲೆಗಳಿಂದ ಬರುವ ಸಂಶೋಧನಾ ವಿದ್ಯಾರ್ಥಿಗಳಿಗೆ ವೇತನವಾಗಿ ಕೊಟ್ಟುಬಿಟ್ಟರು. ಆ ನಡುವಿನ ನಲವತ್ತನಾಲ್ಕು ವರ್ಷಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಸುರುಳಿಯನ್ನು ನೋಡಿದ್ದು ಯಾರು ಎಂದು ಕೇಳುವುದು ಆಯ್ಕೆ ಮಾಡುವವರ ಕೆಲಸ.

ಸಮಾರಂಭದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ, ಒಂದನ್ನು ಬಿಟ್ಟು. ವೇದಿಕೆಯಲ್ಲಿ ಓದುವ ಪರಿಚಯವನ್ನು ಈಗ ಮೊದಲೇ ಅವಳ ಕೈಗೆ ಕೊಡುತ್ತೇವೆ, ಬೇಡವಾದ ಸಾಲನ್ನು ಅವಳು ಹೊಡೆದುಹಾಕಬಹುದು. ಒಂದು ವರ್ಷ "ಕಡುಬಡತನದಲ್ಲಿ ಹುಟ್ಟಿದ" ಎಂದು ನಾನೇ ಪ್ರೀತಿಯಿಂದ ಬರೆದಿದ್ದ ಸಾಲಿಗೆ ಒಬ್ಬಳು ಅಡ್ಡಗೆರೆ ಎಳೆದು, ಆ ಜಾಗದಲ್ಲಿ ತಾನು ಕಲಿಸಿದ ಮಕ್ಕಳ ಸಂಖ್ಯೆಯನ್ನು ಬರೆದು ಕಳುಹಿಸಿದಳು. ಅದು ನನ್ನ ಸಾಲಿಗಿಂತ ಎಷ್ಟೋ ಚೆನ್ನಾಗಿತ್ತು.

ಆಯ್ಕೆಯಾಗದವರಿಗೂ ಪತ್ರ ಬರೆಯುತ್ತೇವೆ, ಅವರ ಅರ್ಜಿಯಲ್ಲಿ ನಮ್ಮ ಮನಸ್ಸಿನಲ್ಲಿ ಉಳಿದ ಒಂದು ಸಂಗತಿಯನ್ನು ಹೆಸರಿಸಿ. ಇದಕ್ಕೆ ಎರಡು ವಾರ ಬೇಕಾಗುತ್ತದೆ, ಆದರೂ ನಾನು ಬಿಟ್ಟುಕೊಟ್ಟಿಲ್ಲ. ಹಾಗೆ ಪತ್ರ ಪಡೆದಿದ್ದ ಒಬ್ಬಳು ಕಳೆದ ವರ್ಷ ನಮ್ಮೊಡನೆ ಅರ್ಜಿ ಓದಲು ಸಮಿತಿಗೆ ಬಂದಳು. ಬಂದ ಮೊದಲ ಸಭೆಯಲ್ಲೇ "ಐದು ವರ್ಷಗಳ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ?" ಎಂಬ ಪ್ರಶ್ನೆಯನ್ನು ತೆಗೆಯೋಣ ಎಂದಳು. ಮುಂದಿನ ವರ್ಷ ಓದು ಮುಂದುವರಿಯುತ್ತದೋ ಇಲ್ಲವೋ ಎಂದು ತಿಳಿಯದ ತಾನು ಆ ಪ್ರಶ್ನೆಯ ಮುಂದೆ ಒಂದು ಸಂಜೆಯೆಲ್ಲ ಕುಳಿತಿದ್ದೆ, ಕೊನೆಗೆ ಸುಳ್ಳು ಬರೆದೆ ಎಂದು ಹೇಳಿದಳು. ಅಂದೇ ಅದನ್ನು ಅರ್ಜಿಯಿಂದ ತೆಗೆದೆವು. ಬದಲಿಗೆ ಏನು ಕೇಳೋಣ ಎಂದು ಯಾರೋ ಅಂದರು. ಏನೂ ಬೇಡ ಎಂದಳು.